ಟೈಗರ್ ಶಾರ್ಕ್‌ಗೆ ಬೆನ್ನು ತೋರಿಸಬೇಡಿ

ಮಾಲ್ದೀವ್ಸ್‌ನ ಫುವಮುಲಾದಲ್ಲಿ ಬಂದರಿನ ಬಾಯಿಗೇ ಟೈಗರ್ ಶಾರ್ಕ್‌ಗಳು ಬರುತ್ತವೆ. ಮೀನುಗಾರರು ಎಸೆಯುವ ತ್ಯಾಜ್ಯದ ರುಚಿ ಅವಕ್ಕೆ ಗೊತ್ತು. ನನ್ನ ಜೊತೆ ಡೈವಿಂಗ್‌ಗೆ ನೀರಿಗಿಳಿಯುವವರಿಗೆ ಮೊದಲು ಹೇಳುವುದು ಇದನ್ನೇ: ಇದು ಹೊಂಚು ಹಾಕುವ ಪ್ರಾಣಿ. ಅದು ಸುತ್ತಿದಂತೆ ನೀವೂ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಕಪ್ಪು ಕೈಗವಸು ಧರಿಸಿ, ಕೈಗಳನ್ನು ಎದೆಗೆ ಮಡಚಿಕೊಳ್ಳಿ. ಮಂದ ಬೆಳಕಿನಲ್ಲಿ ಬೀಸುವ ಬರಿಗೈ ಮೀನಿನಂತೆಯೇ ಮಿನುಗುತ್ತದೆ. ಗಾಬರಿಯಿಂದ ಮೇಲಕ್ಕೆ ಧಾವಿಸಲೇಬೇಡಿ.

ಗ್ರೇ ರೀಫ್ ಶಾರ್ಕ್ ಬೆನ್ನು ಬಾಗಿಸಿ, ಎದೆಯ ರೆಕ್ಕೆಗಳನ್ನು ಕೆಳಗಿಳಿಸಿ ಬಿಗಿಯಾಗಿ ಈಜಿದರೆ ಅದು ಎಚ್ಚರಿಕೆ. ಮುಖವನ್ನು ಅದರತ್ತಲೇ ಇಟ್ಟುಕೊಂಡು ನಿಧಾನವಾಗಿ ಹಿಂದೆ ಸರಿಯಿರಿ.

ನನಗೆ ಹೆಚ್ಚು ಆತಂಕ ಹುಟ್ಟಿಸುವವರು ನರ್ಸ್ ಶಾರ್ಕ್‌ನ ಬಾಲ ಹಿಡಿಯುವ ಪ್ರವಾಸಿಗರು. ಸಾಧುವೆನಿಸುವ ಆ ಮೀನು ಕಚ್ಚಿತೆಂದರೆ ಸುಲಭವಾಗಿ ಬಿಡುವುದಿಲ್ಲ. ತಿಮಿಂಗಿಲ ಶಾರ್ಕ್ ಕಚ್ಚುವುದಿಲ್ಲ, ಆದರೆ ಬಾಲದಿಂದ 4 ಮೀಟರ್ ದೂರವಿರಿ.