ಅದೇ ಮರ, ಅದೇ ಎತ್ತರ: ಎಲೆ ಉದುರುವ ಕಾಡಿನ ಅಳತೆ ಕೆಲಸ

ಕಾಡಿನ ಸಂಶೋಧನೆ ಎಂದರೆ ದಿನವಿಡೀ ಏನು ಮಾಡುತ್ತೀರಿ ಎಂದು ಮಾನಸಗಂಗೋತ್ರಿಯ ವಿದ್ಯಾರ್ಥಿಗಳು ಕೇಳುವುದುಂಟು. ಮರದ ಸುತ್ತಳತೆ ತೆಗೆಯುತ್ತೇವೆ, ಕೆಲವು ವರ್ಷ ಬಿಟ್ಟು ಅದೇ ಮರಕ್ಕೆ ಮತ್ತೆ ಟೇಪು ಸುತ್ತುತ್ತೇವೆ. ಎರಡನೆಯ ಸಲ ಟೇಪು ಹಿಡಿಯುವವರು ಬೇರೆಯವರೇ ಆಗಿರಬಹುದು. ಹಾಗಾಗಿ ಮೊದಲ ಅಳತೆಯನ್ನು ಮುಂದೆ ಬರುವವರಿಗಾಗಿಯೇ ಮಾಡಬೇಕು.

ನಾಗರಹೊಳೆ, ಬಂಡೀಪುರಗಳಲ್ಲಿ ಸಂಶೋಧನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮರಕ್ಕೆ ಮೊಳೆ ಹೊಡೆಯುವುದು, ಎಲೆ ಮಾದರಿ ತರುವುದು ಎಲ್ಲವನ್ನೂ ಅರ್ಜಿಯಲ್ಲೇ ಬರೆಯಿರಿ. ಆಮೇಲೆ ಸೇರಿಸುವುದು ಕಷ್ಟ. ಬೇಸಿಗೆಯಲ್ಲಿ ಬೆಂಕಿಯ ಭಯದಿಂದ ಪ್ರವೇಶ ಬಿಗಿಯಾಗುತ್ತದೆ. ನಾವು ಅಳತೆಗೆ ನವೆಂಬರ್‌ನಿಂದ ಜನವರಿವರೆಗಿನ ಕಾಲ ಇಟ್ಟುಕೊಳ್ಳುತ್ತೇವೆ. ಒಮ್ಮೆ ಡಿಸೆಂಬರಿನಲ್ಲಿ ಅಳೆದರೆ ಮುಂದಿನ ಸಲವೂ ಡಿಸೆಂಬರೇ ಆಗಬೇಕು, ಏಕೆಂದರೆ ನೀರಿಲ್ಲದ ತಿಂಗಳಲ್ಲಿ ಕಾಂಡವೂ ತೊಗಟೆಯೂ ಕುಗ್ಗುತ್ತವೆ. ಈ ಕಾಡುಗಳಲ್ಲಿ ಎಷ್ಟೋ ಮರ ವರ್ಷಕ್ಕೆ ದಪ್ಪವಾಗುವುದೇ ಒಂದೆರಡು ಮಿಲಿಮೀಟರ್. ಆ ಕುಗ್ಗುವಿಕೆ ಅದನ್ನು ನುಂಗಿಬಿಡುತ್ತದೆ.

ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಹಾಕಿದ 50 ಹೆಕ್ಟೇರ್ ಪ್ಲಾಟಿನಲ್ಲಿ (ಮರಗಳನ್ನು ಮತ್ತೆ ಮತ್ತೆ ಅಳೆಯಲು ಗುರುತಿಸಿಟ್ಟ ಜಾಗ) 1 ಸೆಂ.ಮೀ. ವ್ಯಾಸದ ಕಾಂಡವೂ ಲೆಕ್ಕಕ್ಕಿದೆ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಕೈಗೆ ಅದು ಎಟುಕುವ ಮಾತಲ್ಲ. ಒಂದು ಹೆಕ್ಟೇರ್ ಸಾಕು: 20 ಮೀಟರಿನ 25 ಚೌಕಗಳು. ಪ್ರತಿ ಚೌಕದ ಕರ್ಣ 28.28 ಮೀಟರ್ ಬರದಿದ್ದರೆ ಮೂಲೆ ಎಲ್ಲೋ ತಪ್ಪಿದೆ. ಇಳಿಜಾರಿದ್ದರೆ ನೆಲದ ಮೇಲೆ ಹೆಚ್ಚು ಎಳೆಯಬೇಕು. 15 ಡಿಗ್ರಿಗೆ 20ರ ಬದಲು 20.7 ಮೀಟರ್. ಮೂಲೆಗೆ ಪೈಪು ನೆಟ್ಟರೆ ಆನೆ ಕಿತ್ತೆಸೆಯುತ್ತದೆ. ಮುಕ್ಕಾಲು ಪಾಲು ಹೂತ ಕಲ್ಲು ಉಳಿಯುವ ಸಾಧ್ಯತೆ ಹೆಚ್ಚು.

ಅಳತೆಯ ಎತ್ತರ 1.3 ಮೀಟರ್. ಅಷ್ಟಕ್ಕೆ ಕತ್ತರಿಸಿದ ಕೋಲನ್ನು ಮರದ ಬುಡಕ್ಕಿಟ್ಟು ಗುರುತು ಹಾಕಿ, ಕಣ್ಣಂದಾಜು ಬೇಡವೇ ಬೇಡ. ಇಳಿಜಾರಿನಲ್ಲಿ ಮೇಲ್ಬದಿಯಿಂದ ಅಳೆಯಿರಿ. ಅಲ್ಲಿ ಗಂಟೋ ಕವಲೋ ಇದ್ದರೆ ನಯವಾದ ಜಾಗಕ್ಕೆ ಸರಿದು, ಹೊಸ ಎತ್ತರವನ್ನು ಬರೆದಿಡಿ. ಬಳ್ಳಿಯಿದ್ದರೆ ಟೇಪು ಅದರಡಿ ನುಸುಳಬೇಕು. ಟೇಪು ಸುತ್ತಿದ ಜಾಗದಲ್ಲೇ ತೆಳ್ಳಗೆ ಬಣ್ಣದ ಪಟ್ಟಿ ಎಳೆಯಿರಿ. ನಂಬರಿನ ಬಿಲ್ಲೆ ಅದಕ್ಕಿಂತ 30 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ಮೊಳೆಯ ಸುತ್ತ ಉಬ್ಬಿದ ತೊಗಟೆ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಮೊಳೆ ಅಲ್ಯೂಮಿನಿಯಮ್ಮಿನದು, ಅರ್ಧ ಹೊರಗೇ ಇರಬೇಕು. ಪೂರ್ತಿ ಹೊಡೆದರೆ ಮರ ಬೆಳೆಯುತ್ತಾ ಬಿಲ್ಲೆಯನ್ನೇ ನುಂಗುತ್ತದೆ.

ಇಷ್ಟು ನಾಜೂಕು ಯಾಕೆ ಎಂಬುದಕ್ಕೆ ಲೆಕ್ಕ ನೋಡಿ. ಮರದ ಜೀವರಾಶಿಗೆ, ಅಂದರೆ ನೆಲದ ಮೇಲಿನ ಒಣ ತೂಕಕ್ಕೆ, ಷಾವ್ ಎಂಬ ವಿಜ್ಞಾನಿ ಮತ್ತಿತರರ 2014ರ ಸೂತ್ರ ಹೆಚ್ಚು ಬಳಕೆಯಲ್ಲಿದೆ: ಕಟ್ಟಿಗೆಯ ಸಾಂದ್ರತೆ, ವ್ಯಾಸದ ವರ್ಗ (ವ್ಯಾಸ × ವ್ಯಾಸ), ಎತ್ತರ ಮೂರನ್ನೂ ಗುಣಿಸಿ, 0.976ರ ಘಾತಕ್ಕೇರಿಸಿ, 0.0673ರಿಂದ ಗುಣಿಸುವುದು. ಸಾಂದ್ರತೆ ಘನ ಸೆಂ.ಮೀ.ಗೆ 0.7 ಗ್ರಾಂ, ವ್ಯಾಸ 30 ಸೆಂ.ಮೀ., ಎತ್ತರ 15 ಮೀಟರ್ ಆದರೆ ಸುಮಾರು 510 ಕಿಲೋ. ವ್ಯಾಸ 31 ಎಂದು ಓದಿದರೆ 540 ದಾಟುತ್ತದೆ. ಮರ ಹಲವು ವರ್ಷ ದುಡಿದು ಗಳಿಸಿದ್ದಷ್ಟು ತೂಕ ಟೇಪು ಓರೆಯಾಗಿದ್ದಕ್ಕೇ ಬಂದುಬಿಡುತ್ತದೆ! ಇನ್ನೊಂದು ಎಚ್ಚರಿಕೆ: ಕೆಲವರು 30 ಸೆಂ.ಮೀ. ಸುತ್ತಳತೆ ಮತ್ತು ಅದಕ್ಕಿಂತ ದಪ್ಪದ ಮರಗಳನ್ನಷ್ಟೇ ಅಳೆಯುತ್ತಾರೆ, ಕೆಲವರು 10 ಸೆಂ.ಮೀ. ವ್ಯಾಸ, ಅಂದರೆ 31.4 ಸೆಂ.ಮೀ. ಸುತ್ತಳತೆ ಮತ್ತು ಅದಕ್ಕಿಂತ ದಪ್ಪದವನ್ನು. ಎರಡನ್ನೂ ಒಟ್ಟು ಸೇರಿಸಿದರೆ ಸಣ್ಣ ಮರಗಳ ಸಂಖ್ಯೆ ಸುಳ್ಳಾಗುತ್ತದೆ.

ಎಲೆಯಿಲ್ಲದ ಕಾಲದಲ್ಲಿ ಗುರುತಿಗೆ ತೊಗಟೆಯೇ ಗತಿ. ಮತ್ತಿಯದು ಮೊಸಳೆ ಚರ್ಮದ ಹಾಗೆ ಒಡೆದಿರುತ್ತದೆ, ದಿಂಡಿಗದ್ದು ನಯವಾಗಿ ಬೆಳ್ಳಗಿರುತ್ತದೆ, ಹೊನ್ನೆಗೆ ಗಾಯವಾದರೆ ಕೆಂಪು ರಸ ಒಸರುತ್ತದೆ. ಎಚ್.ಡಿ. ಕೋಟೆ ಕಡೆಯ ಜೇನು ಕುರುಬರು ಇದರಲ್ಲಿ ನಮ್ಮ ಪುಸ್ತಕಗಳಿಗಿಂತ ಮುಂದೆ. ಅವರ ಕೂಲಿಯನ್ನು ಯೋಜನೆಯ ಬಜೆಟ್ಟಿನಲ್ಲಿ ಮೊದಲೇ ಬರೆಯಬೇಕು.

ಕೆಲಸದ ಭವಿಷ್ಯದ ಬಗ್ಗೆ ಒಂದು ಮಾತು: ಯೋಜನೆಗಳು ಸಾಮಾನ್ಯವಾಗಿ ಮೂರು ವರ್ಷದವು, ಮರದ ಲೆಕ್ಕ ದಶಕಗಳದ್ದು. ನೆಟ್ ಪರೀಕ್ಷೆಯ ಜೊತೆಗೆ ಸಂಖ್ಯಾಶಾಸ್ತ್ರ, ಅದರ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆ ಕಲಿತವರಿಗೆ ನಡುವಿನ ಖಾಲಿ ವರ್ಷಗಳಲ್ಲೂ ಕೆಲಸ ಸಿಗುತ್ತದೆ.

ಮರು ಅಳತೆಯಲ್ಲಿ ಹಳೆಯ ಅಳತೆಗಳ ಪಟ್ಟಿ ಬರೆದುಕೊಳ್ಳುವವರ ಕೈಯಲ್ಲಿರಲಿ, ಟೇಪು ಹಿಡಿದವರಿಗೆ ತೋರಿಸಬೇಡಿ. ಹಳೆಯ ಸಂಖ್ಯೆ ಕಂಡರೆ ಕೈ ಅತ್ತಲೇ ವಾಲುತ್ತದೆ. ಮರ ಚಿಕ್ಕದಾಗಿದೆ ಎಂದು ಬಂದರೆ ಅಲ್ಲೇ ಮತ್ತೆ ಅಳೆಯಿರಿ. ಆಗಲೂ ಅದೇ ಬಂದರೆ ತಿದ್ದದೆ ಹಾಗೇ ಬರೆದು, ತೊಗಟೆ ಉದುರಿದೆಯೋ, ಆನೆ ಸುಲಿದಿದೆಯೋ ಪಕ್ಕದಲ್ಲಿ ನಮೂದಿಸಿ.