ಒಂದೇ ತೋಟ, ಹಲವು ಫಸಲು: ಕಾಫಿ ನಾಡಿನ ಮನೆಯಿಂದ ಆನ್‌ಲೈನ್ ಆದಾಯ

ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿಯೊಂದನ್ನೇ ನಂಬಿ ಕೂರುವ ತೋಟ ಅಪರೂಪ. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ, ತಗ್ಗಿನಲ್ಲಿ ಏಲಕ್ಕಿ ಅಥವಾ ಅಡಿಕೆ ಇರುತ್ತದೆ. ಕಾಫಿಗೆ ರೇಟು ಬಿದ್ದ ವರ್ಷ ಮೆಣಸು ಕೈ ಹಿಡಿಯುತ್ತದೆ. ಆನ್‌ಲೈನ್ ಆದಾಯವನ್ನೂ ಹೀಗೇ ಕಟ್ಟಬೇಕು. ಯೂಟ್ಯೂಬ್, ಷೇರು, ಸೀರೆ ಮಾರಾಟ, ಡೇಟಾ ಎಂಟ್ರಿ ಎಂದು ಒಂದಕ್ಕೊಂದು ನಂಟಿಲ್ಲದ ನಾಲ್ಕು ಕೆಲಸ ಹಚ್ಚಿಕೊಂಡರೆ ನಾಲ್ಕೂ ಅರ್ಧಕ್ಕೇ ನಿಲ್ಲುತ್ತವೆ. ಚೆನ್ನಾಗಿ ಗೊತ್ತಿರುವ ಒಂದೇ ವಿಷಯ ಹಿಡಿದು, ಅದರಿಂದಲೇ ಸರಕು, ವಿಡಿಯೊ, ಸೇವೆ ಹುಟ್ಟಿಸಿ. ಆಗ ವಿಡಿಯೊ ನೋಡಿದವರು ಪುಡಿ ಕೊಳ್ಳುತ್ತಾರೆ, ಪುಡಿ ಕೊಂಡವರು ನಿಮ್ಮೂರಿಗೆ ಬರುವಾಗ ದಾರಿ ಕೇಳುತ್ತಾರೆ.

ಇಲ್ಲಿ ಕಾಫಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಮೆಣಸು, ಜೇನು, ಹಪ್ಪಳ, ಯಾವುದಕ್ಕಾದರೂ ಲೆಕ್ಕ ಹಾಕುವ ಕ್ರಮ ಇದೇ.

ಮೊದಲು ಸರಕು

ಬೇಗ ದುಡ್ಡು ಬರುವುದು ಸರಕಿನಿಂದ, ಬೇಗ ಕೈ ಸುಡುವುದೂ ಅದರಿಂದಲೇ. ಕಾರಣ ಲೆಕ್ಕ ಹಾಕದೆ ಬೆಲೆ ಇಡುವುದು. ಹಸಿ ಬೀಜ ಹುರಿದಾಗ ಶೇ. 15ರಿಂದ 20ರಷ್ಟು ತೂಕ ಇಳಿಯುತ್ತದೆ. ಶೇ. 18 ಎಂದು ಹಿಡಿದರೆ 250 ಗ್ರಾಂ ಪುಡಿಗೆ ಸುಮಾರು 305 ಗ್ರಾಂ ಬೀಜ ಬೇಕು.

ಲೆಕ್ಕಕ್ಕೆಂದು ಬೀಜಕ್ಕೆ ಕೆಜಿಗೆ 450 ರೂಪಾಯಿ ಇಟ್ಟುಕೊಳ್ಳಿ; ನಿಮ್ಮ ದರವನ್ನು ಆ ಜಾಗದಲ್ಲಿ ಹಾಕಿಕೊಂಡರಾಯಿತು. ಬೀಜಕ್ಕೆ 137, ಹುರಿದು ಪುಡಿ ಮಾಡಿಸಲು 15, ಪೌಚು ಮತ್ತು ಲೇಬಲ್‌ಗೆ 14, ರಟ್ಟಿನ ಡಬ್ಬಿಗೆ 14, ಕೊರಿಯರ್‌ಗೆ 65. ಒಟ್ಟು 245 ರೂಪಾಯಿ. 320ಕ್ಕೆ ಮಾರಿದರೆ ಶೇ. 5ರ ಜಿಎಸ್‌ಟಿ ಕಳೆದು ಉಳಿಯುವುದು 60. ಇದೇ ಪೊಟ್ಟಣವನ್ನು ಎಲ್ಲ ಶುಲ್ಕ ಸೇರಿ ಶೇ. 20 ಹಿಡಿಯುವ ಶಾಪಿಂಗ್ ಆ್ಯಪ್‌ನಲ್ಲಿ ಮಾರಿದರೆ 64 ರೂಪಾಯಿ ಅಲ್ಲೇ ಹೋಗಿ, ಕೈಯಿಂದ 4 ರೂಪಾಯಿ ಕೊಟ್ಟಂತಾಗುತ್ತದೆ. ಎರಡು ಪೊಟ್ಟಣ ಒಂದೇ ಡಬ್ಬಿಯಲ್ಲಿ ಕಳಿಸಿ, ಡಬ್ಬಿಗೆ 16, ಕೊರಿಯರ್‌ಗೆ 95 ಕೊಟ್ಟರೂ ಪೊಟ್ಟಣಕ್ಕೆ 83 ಉಳಿಯುತ್ತದೆ. ಹಾಗಾಗಿ ಒಂಟಿ ಪೊಟ್ಟಣ ಬೇಡ. ಅರ್ಧ ಕೆಜಿಯಿಂದ ಶುರುಮಾಡಿ. ಮೊದಲ ಐವತ್ತು ಗಿರಾಕಿಗಳನ್ನು ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಮತ್ತು ಯುಪಿಐ ಮೂಲಕವೇ ಹಿಡಿಯಿರಿ, ಅದಕ್ಕೆ ಕಮಿಷನ್ ಇಲ್ಲ.

ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. 30×20×15ರ ಡಬ್ಬಿಯಲ್ಲಿ ಅರ್ಧ ಕೆಜಿ ಪುಡಿ ಇಟ್ಟರೂ 1.8 ಕೆಜಿಯ ಬಿಲ್ ಬರುತ್ತದೆ. ಮನೆಯಲ್ಲಿ ಬಿದ್ದಿರುವ ದೊಡ್ಡ ಡಬ್ಬಿ ಪುಕ್ಕಟೆ ಎಂದು ಬಳಸಬೇಡಿ.

ಪೊಟ್ಟಣದ ಕೆಲಸ ಸಣ್ಣದೆಂದು ತಿಳಿಯಬೇಡಿ, ದೂರುಗಳು ಹೆಚ್ಚಾಗಿ ಹುಟ್ಟುವುದು ಅಲ್ಲೇ. ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಆ ದಿನವೇ ಸಾದಾ ಪೌಚಿಗೆ ತುಂಬಿ ಸೀಲ್ ಮಾಡಿದರೆ ಉಬ್ಬಿ ದಾರಿಯಲ್ಲೇ ಒಡೆಯುತ್ತದೆ. ಗಾಳಿ ಹೊರಗೆ ಮಾತ್ರ ಬಿಡುವ ವಾಲ್ವ್ ಇರುವ ಫಾಯಿಲ್ ಪೌಚನ್ನೇ ತನ್ನಿ. ಮುಂಗಾರಿನ ನಾಲ್ಕು ತಿಂಗಳು ಪುಡಿಯನ್ನು ಪಾತ್ರೆಯಲ್ಲಿ ತೆರೆದಿಟ್ಟು ಪೊಟ್ಟಣ ಕಟ್ಟುತ್ತ ಕೂತರೆ ಥಂಡಿ ಹೀರಿ ಗಂಟು ಕಟ್ಟುತ್ತದೆ. ಆ ಹೊತ್ತಿನ ಆರ್ಡರ್‌ಗೆ ಬೇಕಾದಷ್ಟೇ ಪುಡಿ ಮಾಡಿಸಿ. ಪೌಚನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ನಂತರ ಡಬ್ಬಿಗಿಡಿ. ನೆಂದ ರಟ್ಟು ಪೇಪರ್‌ನಂತೆ ಹರಿಯುತ್ತದೆ.

ಲೇಬಲ್, ಪರವಾನಗಿ, ತೆರಿಗೆ

ಮನೆಯಲ್ಲೇ ಪುಡಿ ಕಟ್ಟಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಅದರ ಫಾಸ್ಕಾಸ್ (FoSCoS) ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಬರುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಜೊತೆಗೆ ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು ಮತ್ತು ವರ್ಷ, ನಿಮ್ಮ ವಿಳಾಸ, ದೂರಿಗೆ ಫೋನ್ ನಂಬರ್ ಹಾಕಿ. ಚಿಕೋರಿ ಬೆರೆಸಿದ್ದರೆ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಅಚ್ಚು ಹಾಕಬೇಕು. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ಗಳಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಗುರುತನ್ನು ಲೇಬಲ್‌ಗೆ ಹಾಕುವಂತಿಲ್ಲ.

ಬಹಳ ಜನ ಎಡವುವುದು ಜಿಎಸ್‌ಟಿಯಲ್ಲಿ. ‘ವರ್ಷಕ್ಕೆ 40 ಲಕ್ಷ ದಾಟಿಲ್ಲ, ನನಗೆ ಬೇಡ’ ಎನ್ನುತ್ತಾರೆ. ರಾಜ್ಯದೊಳಗೆ ನೇರವಾಗಿ ಸರಕು ಮಾರುವಾಗ ಅದು ಸರಿ. ತೆರಿಗೆ ಇರುವ ಸರಕನ್ನು ಚೆನ್ನೈಗೋ ಪುಣೆಗೋ ಮಾರಿದಿರಿ ಎಂದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಕಡ್ಡಾಯ.

ಸ್ವಂತ ತೋಟದವರಿಗೆ ಇನ್ನೊಂದು ಮಾತು. ತಾವೇ ಬೆಳೆದು, ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವುದು) ಮಾಡಿ, ಹುರಿದು ಪುಡಿ ಮಾಡಿ ಮಾರಿದರೆ ಬಂದ ಲಾಭದಲ್ಲಿ ಶೇ. 40 ವ್ಯಾಪಾರದ ಆದಾಯ, ಶೇ. 60 ಕೃಷಿ ಆದಾಯ. ಬೀಜ ಕೊಂಡು ಮಾರುವವರಿಗೆ ಇದು ಅನ್ವಯಿಸದು.

ವಿಡಿಯೊ: ಸುಗ್ಗಿಗೆ ಮುಂಚೆ ಬಿತ್ತನೆ

ಮುಳ್ಳಯ್ಯನಗಿರಿಯ ಮಂಜು ಎಲ್ಲರ ಫೋನಿನಲ್ಲೂ ಇದೆ. ವರ್ಷಗಟ್ಟಲೆ ನೋಡಿಸಿಕೊಳ್ಳುವುದು ಯಾರದೋ ತೊಂದರೆ ಬಿಡಿಸುವ ವಿಡಿಯೊ. ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳು, ಬಿಳಿ ಕಾಂಡಕೊರಕವನ್ನೇ ನೋಡಿ. ಅದರ ದುಂಬಿ ಹಾರುವುದು ಏಪ್ರಿಲ್–ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮೊದಲೇ ಹುಳು ಹೊಕ್ಕ ಗಿಡ ಗುರುತಿಸಿ ಕೀಳಬೇಕು. ಹಾಗಾಗಿ ಆ ವಿಡಿಯೊ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊರಬರಬೇಕು. ಕಾಂಡದ ಮೇಲೆ ಎದ್ದ ಉಬ್ಬುಗೆರೆಯನ್ನು ಒಂದು ಗೇಣಿನಷ್ಟು ಹತ್ತಿರದಿಂದ, ಬೆಳಕು ಓರೆಯಾಗಿ ಬೀಳುವ ಬೆಳಗ್ಗೆ ತೆಗೆಯಿರಿ. ನೆತ್ತಿಯ ಬಿಸಿಲಲ್ಲಿ ಗೆರೆ ಕಾಣುವುದೇ ಇಲ್ಲ. ಹೂಮಳೆ ಬಿದ್ದು ತೋಟ ಬೆಳ್ಳಗಾಗುವುದು ಎರಡು ಮೂರು ದಿನ ಮಾತ್ರ. ಆಗ ಇಡೀ ವರ್ಷಕ್ಕಾಗುವಷ್ಟು ಚಿತ್ರಿಸಿಟ್ಟುಕೊಳ್ಳಿ. ಮಾತಿಗೆ ಕಾಲರ್ ಮೈಕ್ ಇರಲಿ, ಇಲ್ಲದಿದ್ದರೆ ಗಾಳಿ ಮತ್ತು ಜೀರುಂಡೆ ನಿಮ್ಮ ದನಿ ನುಂಗಿಬಿಡುತ್ತವೆ.

ಯೂಟ್ಯೂಬ್‌ನಿಂದ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಉದ್ದದ ವಿಡಿಯೊಗೆ ನಿಮ್ಮ ಪಾಲು ಶೇ. 55, ಶಾರ್ಟ್ಸ್‌ಗೆ 45. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಪರೀಕ್ಷೆಯ ಪಿನ್ ಅಂಚೆಯಲ್ಲಿ ಬರುತ್ತದೆ. ಎಸ್ಟೇಟ್ ಹೆಸರಷ್ಟೇ ಬರೆದರೆ ಕಾಗದ ತಲುಪದು. ಅಂಚೆ ಕಚೇರಿ, ತಾಲ್ಲೂಕು, ಪಿನ್‌ಕೋಡ್ ತುಂಬಿ, ಪೋಸ್ಟ್‌ಮ್ಯಾನ್‌ಗೂ ಒಂದು ಮಾತು ಹೇಳಿಡಿ. 100 ಡಾಲರ್ ದಾಟಿದ ಮೇಲೆಯೇ ದುಡ್ಡು ಬ್ಯಾಂಕಿಗೆ. ಅಮೆರಿಕದ ತೆರಿಗೆ ಫಾರ್ಮ್ ತುಂಬದಿದ್ದರೆ ಒಟ್ಟು ಗಳಿಕೆಯಲ್ಲೇ ಶೇ. 24ರವರೆಗೆ ಹಿಡಿಯಬಹುದು. ಪ್ಯಾನ್ ಕೊಟ್ಟು ಭಾರತದೊಂದಿಗಿನ ತೆರಿಗೆ ಒಪ್ಪಂದದ ಸೌಲಭ್ಯ ಕೇಳಿದರೆ, ಅಮೆರಿಕದ ವೀಕ್ಷಕರಿಂದ ಬಂದ ಪಾಲಿಗೆ ಮಾತ್ರ ಶೇ. 15 ಕಡಿತ.

ಈ ಹಣ ಬರುವವರೆಗೆ ವಿಡಿಯೊದ ಕೆಲಸ ಪುಡಿ ಮಾರಿಸುವುದು. ಪ್ರತಿ ವಿಡಿಯೊದ ಕೆಳಗೆ ವಾಟ್ಸ್ಆ್ಯಪ್ ಕೊಂಡಿ ಇರಲಿ.

ಮೂರನೆಯದು ಕೈಕಸುಬು

ಸಬ್‌ಟೈಟಲ್, ಕನ್ನಡ ಅನುವಾದ, ಬೇರೆಯವರ ಹೋಮ್‌ಸ್ಟೇ ಪುಟ ನೋಡಿಕೊಳ್ಳುವುದು, ವಿಡಿಯೊ ಕಲಿತವರಿಗೆ ಇವೆಲ್ಲ ಸಿಗುತ್ತವೆ. ಫೈವರ್‌ನಂಥ ತಾಣ ಶೇ. 20 ಮುರಿದುಕೊಳ್ಳುತ್ತದೆ, ದರ ಹೇಳುವಾಗಲೇ ಸೇರಿಸಿ. ಹಾಸನದವರಾದರೆ ಬೇಲೂರು, ಹಳೇಬೀಡಿಗೆ ಮಕ್ಕಳೊಂದಿಗೆ ಬರುವವರಿಗೆ ಎರಡು ದಿನದ ಪಿಡಿಎಫ್ ಮಾರ್ಗದರ್ಶಿ ಬರೆದು ಮಾರಬಹುದು. ಅವೆರಡೂ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಒಮ್ಮೆ ಬರೆದರೆ ಮತ್ತೆ ಮತ್ತೆ ಮಾರಬಹುದು, ಪ್ಯಾಕಿಂಗ್ ಇಲ್ಲ, ಕೊರಿಯರ್ ಇಲ್ಲ.

ಮೂರಕ್ಕೂ ಸೇರಿ ಮನೆಖರ್ಚಿನದಲ್ಲದ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ತಿಂಗಳ ಕೊನೆಗೆ ಯಾವುದಕ್ಕೆ ಎಷ್ಟು ಗಂಟೆ ಹೋಯಿತು, ಎಷ್ಟು ಉಳಿಯಿತು ಎಂದು ಬರೆದಿಡಿ. ಸರಕು ಸತತ ಮೂರು ತಿಂಗಳು ಖರ್ಚು ಕಳೆದು ದುಡ್ಡು ಉಳಿಸದ ಹೊರತು ವಿಡಿಯೊಗೆ ಕ್ಯಾಮೆರಾ ಕೊಳ್ಳಬೇಡಿ, ಫೋನ್ ಸಾಕು.

‘ವಿಡಿಯೊಗೆ ಲೈಕ್ ಒತ್ತಿ, ದಿನಕ್ಕೆ ಸಾವಿರ ಗಳಿಸಿ’ ಎಂದು ಟೆಲಿಗ್ರಾಂನಲ್ಲಿ ಬರುವ ಕೆಲಸ ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತದೆ. ‘ನಿಮ್ಮ ಖಾತೆ ಬಾಡಿಗೆಗೆ ಕೊಡಿ’ ಎಂದವರಿಗೆ ಕೊಟ್ಟರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಗಿರಾಕಿಯಿಂದ ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದರ್ಥ. ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಸಂಖ್ಯೆ ಕೈಯಲ್ಲಿಟ್ಟುಕೊಳ್ಳಿ.