ಮನೆಯ ನಾಯಿ, ಬೆಕ್ಕು ತೀರಿಕೊಂಡರೆ: ದಹನದ ಖರ್ಚು ಲೆಕ್ಕ ಹಾಕುವುದು ಹೇಗೆ?

ಸಾಕಿದ ನಾಯಿ ಸತ್ತ ಹೊತ್ತಿನಲ್ಲಿ ಚೌಕಾಸಿ ಮಾಡುವ ಮನಸ್ಸು ಯಾರಿಗಿರುತ್ತದೆ? ಕೇಳಿದಷ್ಟು ಕೊಟ್ಟು ಬರುತ್ತೇವೆ. ಹಾಗಾಗಿ ನಾಯಿಗೆ ವಯಸ್ಸಾಗಿದ್ದರೆ ಈಗಲೇ ಒಂದೆರಡು ಫೋನ್ ಮಾಡಿ ದರ ಕೇಳಿಟ್ಟುಕೊಳ್ಳಿ. ಎಲ್ಲಿ ಕೇಳುವುದೆಂದು ಗೊತ್ತಿಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಕಾಸರಗೋಡಿನ ಹಳ್ಳಿಗಳವರಿಗೆ ಇದು ಇನ್ನೂ ಮುಖ್ಯ. ದೂರದ ಪೇಟೆಗೆ ಒಯ್ಯುವುದಾದರೆ ಬಿಲ್ ಏರಿಸುವುದು ಬೆಂಕಿಗಿಂತ ರಸ್ತೆಯೇ.

ಮೊದಲು ತೂಕ. ದಹನದ ದರವನ್ನು ಸಾಮಾನ್ಯವಾಗಿ ತೂಕ ನೋಡಿ ಹೇಳುತ್ತಾರೆ. ನಾಲ್ಕು ಕಿಲೋದ ಬೆಕ್ಕಿಗೂ 30 ಕಿಲೋದ ಲ್ಯಾಬ್ರಡಾರಿಗೂ ತಗಲುವ ಇಂಧನ, ಸಮಯ ಒಂದೇ ಅಲ್ಲವಲ್ಲ. ಅಂದಾಜಿನ ಮೇಲೆ ದರ ಒಪ್ಪಬೇಡಿ. ಲಸಿಕೆ ಕಾರ್ಡಿನಲ್ಲಿ ಹಳೆಯ ತೂಕ ಬರೆದಿರಬಹುದು. ಇಲ್ಲದಿದ್ದರೆ ಅಡಿಕೆ ಮೂಟೆ ತೂಗುವ ತಕ್ಕಡಿ ಸಾಕು.

ಆಮೇಲೆ ರಸ್ತೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಅಲ್ಲಿಂದ ಗಾಡಿ ಬಂದು ಒಯ್ದರೆ ಹೋಗಿ ಬರುವ 100 ಕಿಲೋಮೀಟರಿಗೂ ನೀವೇ ಕೊಡಬೇಕು. ನೀವೂ ಜೊತೆಗೆ ಹೋಗಿ, ವಾಪಸು ಬಿಡಲು ಹೇಳಿದರೆ ಅದು 200. ಲೆಕ್ಕಕ್ಕೆ ಸುಮ್ನೆ ಕಿಲೋಮೀಟರಿಗೆ 20 ರೂಪಾಯಿ ಎಂದು ಹಿಡಿಯಿರಿ: 2,000 ಇದ್ದದ್ದು 4,000 ಆಯಿತು! ಬದಿಯಡ್ಕ, ಮುಳ್ಳೇರಿಯದ ಕಡೆಯವರು ಇದಕ್ಕೆ ಒಳರಸ್ತೆಯನ್ನೂ ಸೇರಿಸಬೇಕು. ತಲಪಾಡಿಯ ಟೋಲ್ ದರದಲ್ಲಿ ಸೇರಿದೆಯೇ, ರಾತ್ರಿಗೂ ಭಾನುವಾರಕ್ಕೂ ಬೇರೆ ದರವೇ ಎಂದು ಮೊದಲೇ ಕೇಳಿ. ಸ್ವಂತ ಕಾರಿದ್ದರೆ ನೀವೇ ಒಯ್ಯುವುದು ಲೇಸು.

ಒಂಟಿಯೋ, ಒಟ್ಟಿಗೋ? ಹಲವು ಪ್ರಾಣಿಗಳನ್ನು ಒಟ್ಟಿಗೆ ಸುಟ್ಟರೆ ಕಡಿಮೆ ಖರ್ಚು, ಆದರೆ ಬೂದಿ ಸಿಗದು. ಪ್ರತ್ಯೇಕ ದಹನಕ್ಕೆ ದುಡ್ಡು ಜಾಸ್ತಿ. ಇಲ್ಲೊಂದು ಒಳಸುಳಿ ಇದೆ: ಒಂದೇ ಕುಲುಮೆಯಲ್ಲಿ ಅಡ್ಡ ತಡೆ ಇಟ್ಟು ಎರಡು ಮೂರು ಪ್ರಾಣಿ ಸುಟ್ಟು ಅದನ್ನೂ ಪ್ರತ್ಯೇಕ ಎನ್ನುವವರಿದ್ದಾರೆ. ‘ಆ ಹೊತ್ತಿಗೆ ಒಳಗೆ ನಮ್ಮದೊಂದೇ ಇರುತ್ತದಾ? ನಾವು ನಿಂತು ನೋಡಬಹುದಾ?’ ಎಂದು ನೇರವಾಗಿ ಕೇಳಿ. ಬೂದಿ ಬೇಡ ಎನ್ನುವವರು ಪ್ರತ್ಯೇಕ ದಹನಕ್ಕೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ಅನಗತ್ಯ.

ಬೂದಿಯ ಕರಂಡಕ ಎಂದು ಇನ್ನೊಂದು ಬಾಬ್ತು ಸೇರಿಸುತ್ತಾರೆ. 30 ಕಿಲೋದ ನಾಯಿಗೆ ಉಳಿಯುವುದು ಕಿಲೋದ ಆಸುಪಾಸಿನ ಬೂದಿ. ಮನೆಯ ಸ್ಟೀಲ್ ಡಬ್ಬಿ ಧಾರಾಳ ಸಾಕು. ಗಿಡದ ಬುಡಕ್ಕೆ ಹಾಕುವವರು ಹಾಗೇ ಸುರಿಯಬೇಡಿ, ಅದರಲ್ಲಿ ಕ್ಷಾರ ಜಾಸ್ತಿ. ತುಂಬ ಮಣ್ಣಿನ ಜೊತೆ ಕಲಸಿ ಹಾಕಿ.

ಒಯ್ಯುವವರೆಗೆ. ಜೀವ ಹೋದ ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಅದಕ್ಕೆ ಮೊದಲೇ, ಮಲಗಿದಾಗ ಇರುವಂತೆ ಕಾಲು ಮಡಚಿಡಿ. ಇಲ್ಲದಿದ್ದರೆ ಕಾರಿನ ಸೀಟಿಗೂ ಹಿಡಿಸದು, ಪೆಟ್ಟಿಗೆಗೂ ಹಿಡಿಸದು. ಬಾಯಿಂದ, ಹಿಂದಿನಿಂದ ನೀರು ಒಸರುತ್ತದೆ, ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಮೇಲೊಂದು ಹಳೆ ಬೈರಾಸು ಹಾಸಿ. ಕಣ್ಣು ಮುಚ್ಚದಿದ್ದರೆ ಗಾಬರಿ ಬೇಡ, ಅದು ಸಹಜ. ನಮ್ಮ ಸೆಕೆಗೆ ಅರ್ಧ ದಿನ ತಡವಾದರೂ ವಾಸನೆ ಬರುತ್ತದೆ. ಮೀನು ಮಾರುವಲ್ಲಿ ಐಸ್ ಸಿಗುತ್ತದೆ, ಚೀಲದಲ್ಲಿ ಕಟ್ಟಿ ಹೊಟ್ಟೆಯ ಸುತ್ತ ಇಡಿ.

ನಾಯಿಗೆ ಹುಚ್ಚು ಇತ್ತೆಂಬ ಅನುಮಾನವಿದ್ದರೆ ಮಾತ್ರ ಇದ್ಯಾವುದೂ ಬೇಡ. ಬರಿಗೈಯಲ್ಲಿ ಮುಟ್ಟದೆ ಮೊದಲು ಪಶು ವೈದ್ಯರಿಗೆ ಫೋನ್ ಮಾಡಿ. ಅದು ಕಚ್ಚಿದವರು, ಪರಚಿದವರು, ಗಾಯದ ಮೇಲೆ ಅದರ ಜೊಲ್ಲು ತಾಗಿಸಿಕೊಂಡವರು ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹೂಳಿದರೆ ಆಗದಾ? ಸ್ವಂತ ತೋಟವಿದ್ದರೆ ಧಾರಾಳ ಆಗುತ್ತದೆ, ನಾನಾದರೆ ಅದನ್ನೇ ಮಾಡುವೆ. ಆದರೆ ಅದೂ ಪುಕ್ಕಟೆಯಲ್ಲ. ನಮ್ಮಲ್ಲಿ ಒಂದಡಿ ಮಣ್ಣು ತೆಗೆಯುವಷ್ಟರಲ್ಲಿ ಮುರಕಲ್ಲು (ತೂತು ತೂತಾದ ಕೆಂಪು ಕಲ್ಲು) ಸಿಗುತ್ತದೆ. ನಾಲ್ಕಡಿ ಇಳಿಯಲು ಹಾರೆ, ಪಿಕ್ಕಾಸು ಹಿಡಿದ ಆಳಿನ ಅರ್ಧ ದಿನವೇ ಹೋಗಬಹುದು. ಆ ಸಂಬಳ ಲೆಕ್ಕಕ್ಕೆ ಹಿಡಿಯಿರಿ. ಬಾವಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ, ತೋಡಿನಿಂದ ಆದಷ್ಟು ದೂರ, ಇಳಿಜಾರಿನ ಕೆಳಬದಿಯಲ್ಲಿ ಜಾಗ ನೋಡಿ. ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಸಲೀಸಾಗಿ ಇಳಿಯುತ್ತದೆ, ನೀವು ಕುಡಿಯುವುದೂ ಅದೇ ನೀರು. ಪ್ಲಾಸ್ಟಿಕ್ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿ. ಸುಣ್ಣ ಹಾಕಿದರೆ ಬೇಗ ಕರಗುತ್ತದೆ ಎನ್ನುತ್ತಾರೆ, ಅದು ನಿಜವಲ್ಲ. ವಾಸನೆ ಕಡಿಮೆಯಾಗುತ್ತದೆ ಅಷ್ಟೆ. ಕಾಡುಹಂದಿ, ನರಿ ಕೆದಕದಂತೆ ಮೇಲೆ ಕಲ್ಲು ಹೇರಲೇಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸಿದ ನಾಯಿಯಾದರೆ ಈ ಎಚ್ಚರಿಕೆ ಎರಡರಷ್ಟಿರಲಿ. ಮೈಯಲ್ಲುಳಿದ ಮದ್ದು ಅದನ್ನು ತಿಂದ ಪ್ರಾಣಿಯನ್ನೂ ಕೊಲ್ಲಬಹುದು.

ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸೆನ್ಸ್ ಬೇಕು. ನೀವು ಮಾಡಿಸಿದ್ದರೆ ಅಲ್ಲಿಗೂ ಒಂದು ಮಾತು ತಿಳಿಸಿಬಿಡಿ. ಹಣ ಕೊಟ್ಟು ದಹನ ಮಾಡಿಸಿದ್ದಾದರೆ ರಸೀದಿಯಲ್ಲಿ ತಾರೀಕು, ತೂಕ, ಒಂಟಿ ದಹನವೋ ಅಲ್ಲವೋ ಎಂಬುದನ್ನು ಅಲ್ಲೇ ಬರೆಸಿಕೊಳ್ಳಿ.